ಆಮೆಗೆ ಕನ್ನಡ ಬರುತ್ತದೆಯೇ?

ಸೆಪ್ಟೆಂಬರ್ ಬಂತೆಂದರೆ ದೆಹಲಿ, ನೊಯ್ಡಾ, ಗುರುಗ್ರಾಮ, ಫರಿದಾಬಾದಿನ ನಮ್ಮ ಮನೆಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಗಡಿಬಿಡಿ. ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿ ಓದುವ ಮಗು ಮನೆಯಲ್ಲಿದ್ದರೆ ಅದರ ಕಂಪ್ಯೂಟರ್ ಪುಸ್ತಕವನ್ನೊಮ್ಮೆ ತೆರೆದು ನೋಡಿ. ಲೋಗೋ ಎಂಬ ಹೆಸರಿನ ಪಾಠವೊಂದು ಸಿಗುವ ಸಂಭವ ಹೆಚ್ಚು. ಪಾಠದ ಕೊನೆಯಲ್ಲಿ ಪ್ರಶ್ನೆಗಳು. ಲೋಗೋದ ಫುಲ್ ಫಾರ್ಮ್ ಬರೆಯಿರಿ. ಎಫ್‌ಡಿ ಎಂದರೇನು? ಆರ್‌ಟಿ ಎಂದರೇನು? ಪರದೆಯ ಮೇಲಿನ ತ್ರಿಕೋನದ ಗುರುತಿಗೆ ಏನೆನ್ನುತ್ತಾರೆ? ಕೊನೆಯದಕ್ಕೆ ಉತ್ತರ: ಟರ್ಟಲ್, ಅಂದರೆ ಆಮೆ.

ಮೊದಲ ಪ್ರಶ್ನೆಗೆ ನಮ್ಮ ದೇಶದ ಹಲವು ಶಾಲಾ ಪುಸ್ತಕಗಳು ಕೊಡುವ ಉತ್ತರ ‘ಲ್ಯಾಂಗ್ವೇಜ್ ಆಫ್ ಗ್ರಾಫಿಕ್ಸ್ ಓರಿಯೆಂಟೆಡ್’. ಇಂಗ್ಲಿಷ್ ವ್ಯಾಕರಣಕ್ಕೂ ಒಗ್ಗದ ಈ ನಾಲ್ಕು ಪದಗಳನ್ನು ಮಕ್ಕಳು ಉರು ಹೊಡೆದು ಒಂದು ಅಂಕ ತಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಲೋಗೋಗೆ ಫುಲ್ ಫಾರ್ಮೇ ಇಲ್ಲ. ಅದು ಗ್ರೀಕಿನ ‘ಲೋಗೋಸ್’ ಎಂಬ ಪದದಿಂದ ಬಂದದ್ದು. ಮಾತು, ಆಲೋಚನೆ ಎಂದು ಅದರ ಅರ್ಥ. ಹೆಸರಿಟ್ಟ ದಿನ ಆ ಭಾಷೆಯಲ್ಲಿ ಗ್ರಾಫಿಕ್ಸೂ ಇರಲಿಲ್ಲ, ಆಮೆಯೂ ಇರಲಿಲ್ಲ. ಇದ್ದದ್ದು ಪದಗಳು ಮತ್ತು ವಾಕ್ಯಗಳು. ಕಂಠಪಾಠದಿಂದ ಮಕ್ಕಳನ್ನು ಬಿಡಿಸಲೆಂದೇ ಹುಟ್ಟಿದ ಭಾಷೆಗೆ ಇಲ್ಲದ ಫುಲ್ ಫಾರ್ಮ್ ಹುಡುಕಿ ಕಂಠಪಾಠ ಮಾಡಿಸುತ್ತಿದ್ದೇವೆ.

ಈ ಸಲದ ಅಂಕಣ ಆ ಭಾಷೆಯನ್ನು ಕಟ್ಟಿದವರಲ್ಲಿ ಮುಖ್ಯರಾದ ಸೆಮೋರ್ ಪ್ಯಾಪರ್ಟ್ ಅವರ ಬಗ್ಗೆ. ಅವರು ದೆಹಲಿಯವರಲ್ಲ, ಕನ್ನಡದವರಂತೂ ಅಲ್ಲವೇ ಅಲ್ಲ. ಆದರೆ ಊರು ಬಿಟ್ಟು ಇಷ್ಟು ದೂರ ಬಂದು, ಮಕ್ಕಳ ಬಾಯಲ್ಲಿ ಕನ್ನಡ ಉಳಿಯಬೇಕೆಂದು ಒದ್ದಾಡುವ ನಮ್ಮಂಥವರಿಗೆ ಅವರ ಬದುಕಿನಲ್ಲಿ ಕೆಲಸಕ್ಕೆ ಬರುವ ಸಂಗತಿಗಳು ಬಹಳ ಇವೆ.

ಪ್ಯಾಪರ್ಟ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ, 1928ರ ಫೆಬ್ರುವರಿ 29ರಂದು. ತಂದೆ ಕೀಟಶಾಸ್ತ್ರಜ್ಞರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಕಾರಿನ ಹುಚ್ಚು. ಭಾಗಗಳ ಹೆಸರನ್ನೆಲ್ಲ ಹೇಳುತ್ತಿತ್ತಂತೆ. ಸ್ವಲ್ಪ ದೊಡ್ಡವನಾದ ಮೇಲೆ ಹುಡುಗನ ಮನಸ್ಸು ನೆಟ್ಟದ್ದು ಡಿಫರೆನ್ಶಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆಯ ಮೇಲೆ. ಊರ ಜಾತ್ರೆಯಲ್ಲಿ ತೇರು ಮೂಲೆ ತಿರುಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳಬದಿಯ ಗಾಲಿ ನಿಂತಲ್ಲೇ ನಿಂತಂತಿದ್ದರೆ ಹೊರಬದಿಯ ಗಾಲಿ ದೂರ ಸುತ್ತಿ ಬರಬೇಕು. ಕಾರಿನಲ್ಲಿ ಎಂಜಿನ್ ಒಂದೇ. ಎರಡು ಗಾಲಿಗಳೂ ತಮಗೆ ಬೇಕಾದಷ್ಟು ವೇಗದಲ್ಲಿ ತಿರುಗಲು ದಾರಿ ಮಾಡಿಕೊಡುವುದು ಈ ಡಿಫರೆನ್ಶಿಯಲ್. ಹುಡುಗ ಮನಸ್ಸಿನಲ್ಲೇ ಹಲ್ಲುಗಾಲಿಗಳನ್ನು ತಿರುಗಿಸುತ್ತಾ ಮಗ್ಗಿ ಕಲಿತ. ಮುಂದೆ ಶಾಲೆಯಲ್ಲಿ ಎರಡು ಅವ್ಯಕ್ತಗಳ ಸಮೀಕರಣ ಬಂದಾಗ ಅವನಿಗೆ ಅದು ಹೊಸದೆನಿಸಲೇ ಇಲ್ಲ. ಹಳೆಯ ಗೆಳೆಯ ಡಿಫರೆನ್ಶಿಯಲ್ ಕಾಗದದ ಮೇಲೆ ಬಂದು ಕೂತಿದ್ದ, ಅಷ್ಟೆ.

ಎಷ್ಟೋ ವರ್ಷಗಳ ನಂತರ ಪ್ಯಾಪರ್ಟ್ ಈ ನೆನಪನ್ನು ಕೆದಕಿ ಒಂದು ತೀರ್ಮಾನಕ್ಕೆ ಬಂದರು. ಎಲ್ಲ ಮಕ್ಕಳ ಕೈಗೂ ಹಲ್ಲುಗಾಲಿ ಕೊಟ್ಟರೆ ಎಲ್ಲರೂ ಗಣಿತ ಕಲಿತಾರೆಂದಲ್ಲ. ತಾನು ಕಲಿತದ್ದು ಆ ಗಾಲಿಗಳ ಮೇಲೆ ಪ್ರೀತಿ ಹುಟ್ಟಿದ್ದರಿಂದ. ಹಾಗಾದರೆ ಒಂದೊಂದು ಮಗುವಿಗೂ ಅದರದೇ ಪ್ರೀತಿಯ ಹಲ್ಲುಗಾಲಿಯಾಗಬಲ್ಲ ವಸ್ತು ಯಾವುದು? ಹಾಡು ಇಷ್ಟಪಡುವವರಿಗೆ ಹಾಡಾಗಿ, ಚಿತ್ರ ಇಷ್ಟಪಡುವವರಿಗೆ ಚಿತ್ರವಾಗಿ, ಮಾತು ಇಷ್ಟಪಡುವವರಿಗೆ ಮಾತಾಗಿ ವೇಷ ಬದಲಿಸಬಲ್ಲ ಯಂತ್ರ ಕಂಪ್ಯೂಟರ್ ಒಂದೇ ಎಂದು ಅವರಿಗೆ ಅನ್ನಿಸಿತು.

ಆದರೆ ಅಲ್ಲಿಗೆ ತಲುಪಲು ಅವರು ಬಹಳ ಸುತ್ತಿದರು. ವರ್ಣಭೇದ ನೀತಿಯ ವಿರುದ್ಧ ನಿಂತ ಯುವಕ ಅವರು. ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ, 1952ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. 1959ರಲ್ಲಿ ಕೇಂಬ್ರಿಡ್ಜಿನಲ್ಲಿ ಗಣಿತದಲ್ಲೇ ಇನ್ನೊಂದು. ನಂತರ ಜಿನೀವಾ. ಅಲ್ಲಿ ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಜಾನ್ ಪಿಯಾಜೆ ಅವರ ಜೊತೆ 1963ರವರೆಗೆ ಕೆಲಸ. ಮಗು ಖಾಲಿ ಕೊಡವಲ್ಲ, ದೊಡ್ಡವರು ಸುರಿದದ್ದನ್ನು ತುಂಬಿಕೊಳ್ಳುವುದಿಲ್ಲ, ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಪಿಯಾಜೆಯವರ ಕಾಣ್ಕೆ. ಪ್ಯಾಪರ್ಟ್ ಅದಕ್ಕೆ ತಮ್ಮದೊಂದು ಮಾತು ಸೇರಿಸಿದರು: ಕಣ್ಣಿಗೆ ಕಾಣುವ, ನಾಲ್ಕು ಜನಕ್ಕೆ ತೋರಿಸಬಹುದಾದ ಏನನ್ನಾದರೂ ಮಾಡುತ್ತಿರುವಾಗ ಆ ಕಟ್ಟುವ ಕೆಲಸ ಚೆನ್ನಾಗಿ ಸಾಗುತ್ತದೆ. ಅದು ಮರಳಿನ ಗೂಡಾಗಬಹುದು, ಗಾಳಿಪಟವಾಗಬಹುದು, ಪದ್ಯವಾಗಬಹುದು, ಪ್ರೋಗ್ರಾಮ್ ಆಗಬಹುದು.

1963ರಲ್ಲಿ ಅವರು ಅಮೆರಿಕದ ಎಂಐಟಿಗೆ ಹೋದರು. ಮಾರ್ವಿನ್ ಮಿನ್ಸ್‌ಕಿ ಅವರೊಡನೆ ಅಲ್ಲಿನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯವನ್ನು ನಡೆಸಿದರು. ಅದೇ 1963ರಲ್ಲಿ ನಮ್ಮ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂದಿಳಿದು, ಎಂಜಿನಿಯರುಗಳು ಅದರ ಮೇಲೆ ಫೋರ್ಟ್ರಾನ್ ಕಲಿಯತೊಡಗಿದ್ದರು. ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ಅದರ ಒಂದೊಂದು ನಿಮಿಷಕ್ಕೂ ಬೆಲೆಯಿದ್ದ ಕಾಲ. ಆಗ ಪ್ಯಾಪರ್ಟ್ ಮತ್ತು ಸಂಗಡಿಗರು ಅದನ್ನು ಮಕ್ಕಳ ಕೈಗೆ ಕೊಡಲು ಹೊರಟರು. ಕೇಳಿದವರು ನಕ್ಕಿದ್ದರೆ ಆಶ್ಚರ್ಯವಿಲ್ಲ.

ಲೋಗೋ ರೂಪುಗೊಂಡದ್ದು 1967ರಲ್ಲಿ, ಮಸಾಚುಸೆಟ್ಸಿನ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಎಂಬ ಸಂಸ್ಥೆಯಲ್ಲಿ. ಪ್ಯಾಪರ್ಟ್ ಒಬ್ಬರದೇ ಕೆಲಸವಲ್ಲ ಅದು. ವಾಲಿ ಫೋಯರ್‌ಝೈಗ್, ಸಿಂಥಿಯಾ ಸಾಲೊಮನ್, ಡ್ಯಾನಿಯಲ್ ಬಾಬ್ರೊ ಜೊತೆಗಿದ್ದರು. ಹೆಸರು ಹೊಳೆದದ್ದು ಫೋಯರ್‌ಝೈಗ್ ಅವರಿಗೆ. ಸಂಶೋಧಕರು ಬಳಸುತ್ತಿದ್ದ ಲಿಸ್ಪ್ ಎಂಬ ಭಾಷೆಯ ಸತ್ವವನ್ನು ಇಟ್ಟುಕೊಂಡು, ಅದರ ಆವರಣ ಚಿಹ್ನೆಗಳ ಕಾಡನ್ನು ಕಡಿದು, ಮಕ್ಕಳು ಓದಬಲ್ಲ ಪದಗಳನ್ನು ನೆಟ್ಟರು.

ಮೊದಮೊದಲು ಮಕ್ಕಳು ಬರೆದದ್ದು ಮಾತಿನ ಆಟಗಳನ್ನು. ಹದಿಮೂರು ವರ್ಷದ ಹುಡುಗಿಯೊಬ್ಬಳ ಪ್ರಸಂಗವನ್ನು ಪ್ಯಾಪರ್ಟ್ 1980ರಲ್ಲಿ ಬಂದ ತಮ್ಮ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಹೇಳುತ್ತಾರೆ. ಶಾಲೆಯ ಲೆಕ್ಕದಲ್ಲಿ ಸಾಧಾರಣ ವಿದ್ಯಾರ್ಥಿನಿ. ವ್ಯಾಕರಣವೆಂದರೆ ಅವಳಿಗೆ ತಲೆಬುಡ ತಿಳಿಯದ ವಿಷಯ. ಕಂಪ್ಯೂಟರಿನಿಂದ ಪದ್ಯದಂಥ ಸಾಲುಗಳನ್ನು ಬರೆಸಲು ಹೊರಟಳು. ಪದಗಳನ್ನು ಸುಮ್ಮನೆ ಸುರಿದರೆ ಯಂತ್ರ ಹುಚ್ಚುಹುಚ್ಚಾಗಿ ಜೋಡಿಸುತ್ತದೆ. ಹೆಸರಿನ ಪದಗಳನ್ನು ಒಂದು ಪಟ್ಟಿಯಲ್ಲಿ, ಕೆಲಸದ ಪದಗಳನ್ನು ಇನ್ನೊಂದು ಪಟ್ಟಿಯಲ್ಲಿ ಇಟ್ಟರೆ ವಾಕ್ಯ ಹುಟ್ಟುತ್ತದೆ. ಒಂದು ದಿನ ಅವಳು ಸಂಭ್ರಮದಿಂದ ಬಂದು, ನಾಮಪದ ಕ್ರಿಯಾಪದ ಎಂದು ಯಾಕೆ ವಿಂಗಡಿಸುತ್ತಾರೆಂದು ಈಗ ಗೊತ್ತಾಯಿತು ಎಂದಳಂತೆ. ಅಷ್ಟು ವರ್ಷ ವ್ಯಾಖ್ಯೆ ಬಾಯಿಪಾಠ ಮಾಡಿಸಿದರೂ ಯಾಕೆ ಎಂಬುದು ತಿಳಿದಿರಲಿಲ್ಲ. ತನಗೆ ಬೇಕಾದ ಕೆಲಸಕ್ಕೆ ಅದು ಬೇಕಾದಾಗ ತಿಳಿಯಿತು.

ಆಮೆ ಬಂದದ್ದು 1970ರ ಆಸುಪಾಸಿನಲ್ಲಿ. ಮೊದಲು ಅದು ನೆಲದ ಮೇಲೆ ಓಡಾಡುವ, ಹೊಟ್ಟೆಯಡಿ ಪೆನ್ನು ಕಟ್ಟಿಕೊಂಡ ಪುಟ್ಟ ರೋಬೋಟ್. ಬ್ರಿಟನ್ನಿನ ಗ್ರೇ ವಾಲ್ಟರ್ 1940ರ ದಶಕದಲ್ಲಿ ಮಾಡಿದ್ದ ಆಮೆಯಂಥ ಯಂತ್ರಗಳ ನೆನಪಿನಲ್ಲಿ ಆ ಹೆಸರು ಬಂತು. ಆಮೇಲೆ ಅದು ಪರದೆಯೊಳಗೆ ಹೋಗಿ ಪುಟ್ಟ ತ್ರಿಕೋನವಾಯಿತು. ‘ಎಫ್‌ಡಿ 100’ ಎಂದರೆ ನೂರು ಹೆಜ್ಜೆ ಮುಂದೆ. ‘ಆರ್‌ಟಿ 90’ ಎಂದರೆ ಇದ್ದಲ್ಲೇ ಬಲಕ್ಕೆ ತೊಂಬತ್ತು ಡಿಗ್ರಿ ತಿರುಗು. ಇವೆರಡನ್ನು ನಾಲ್ಕು ಸಲ ಮಾಡಿದರೆ ಚೌಕ.

ಇಲ್ಲಿಯವರೆಗೆ ಎಲ್ಲ ಶಾಲೆಗಳೂ ಕಲಿಸುತ್ತವೆ. ಸೊಗಸು ಇರುವುದು ಮುಂದಿನ ಹೆಜ್ಜೆಯಲ್ಲಿ. ಮೂರೂ ಬದಿ ಸಮವಾದ ತ್ರಿಕೋನ ಬಿಡಿಸು ಎನ್ನಿ. ಆ ತ್ರಿಕೋನದ ಕೋನ 60 ಡಿಗ್ರಿ ಎಂದು ಓದಿಕೊಂಡ ಮಗು ‘ಆರ್‌ಟಿ 60’ ಎಂದು ಮೂರು ಸಲ ಕೊಡುತ್ತದೆ. ತ್ರಿಕೋನ ಬರುವುದಿಲ್ಲ. ಆಮೆ ಷಟ್ಕೋನದ ಅರ್ಧ ದಾರಿ ನಡೆದು ನಿಂತಿರುತ್ತದೆ. ಎಲ್ಲಿ ತಪ್ಪಿತು? ಪ್ಯಾಪರ್ಟ್ ಹೇಳುವ ಉಪಾಯ: ಎದ್ದು ನಿಂತು, ನೀನೇ ಆಮೆಯಾಗಿ ನಡೆ. ನಡೆದು ನೋಡಿದ ಮಗುವಿಗೆ ತಾನು ತಿರುಗುವುದು ಒಳಗಿನ ಕೋನವಲ್ಲ, ಹೊರಗಿನ ಕೋನ ಎಂದು ಕಾಲಿಗೇ ತಿಳಿಯುತ್ತದೆ. 180ರಿಂದ 60 ಕಳೆದರೆ 120.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಆರ್.ಕೆ. ಪುರಂನ ಮಲೈ ಮಂದಿರದಲ್ಲಿ ನೀವು ಪ್ರದಕ್ಷಿಣೆ ಬಂದಿದ್ದೀರಿ. ಹೊರಟ ಜಾಗಕ್ಕೆ ಬಂದು, ಹೊರಟಾಗ ಯಾವ ಕಡೆ ಮುಖ ಮಾಡಿದ್ದಿರೋ ಆ ಕಡೆಗೇ ಮುಖ ಮಾಡಿ ನಿಂತರೆ ನೀವು ತಿರುಗಿದ ಒಟ್ಟು ಲೆಕ್ಕ 360 ಡಿಗ್ರಿ. ನಾಲ್ಕು ಮೂಲೆಯಿದ್ದರೆ ತಲಾ 90, ಮೂರಿದ್ದರೆ ತಲಾ 120, ಐದಿದ್ದರೆ 72. ಹೆಜ್ಜೆಗೊಂದು ಡಿಗ್ರಿಯಂತೆ 360 ಸಲ ತಿರುಗಿದರೆ ಕಣ್ಣಿಗೆ ಅದು ವೃತ್ತ. ಇದು ಜ್ಯಾಮಿತಿಯ ಪ್ರಮೇಯ. ಪ್ರದಕ್ಷಿಣೆ ಬಂದ ಕಾಲುಗಳಿಗೆ ಅದು ಮೊದಲೇ ಗೊತ್ತಿತ್ತು. ಮಗು ತಪ್ಪು ಉತ್ತರ ಕೊಟ್ಟರೆ ಶಾಲೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತದೆ. ಪ್ರೋಗ್ರಾಮ್ ಬರೆಯುವವರು ಹಾಗೆ ಮಾಡುವುದಿಲ್ಲ. ಎಲ್ಲಿ ಕೊಂಡಿ ತಪ್ಪಿದೆ ಎಂದು ಹುಡುಕಿ ಸರಿಪಡಿಸುತ್ತಾರೆ. ಮಕ್ಕಳಿಗೆ ಈ ಅಭ್ಯಾಸ ಬಂದರೆ ಸಾಕು, ತಪ್ಪೆಂದರೆ ನಾಚಿಕೆಯಲ್ಲ, ಮುಂದಿನ ಕೆಲಸ ಎಂಬುದು ಗೊತ್ತಾಗುತ್ತದೆ ಎಂದು ಪ್ಯಾಪರ್ಟ್ ನಂಬಿದ್ದರು.

ಅವರ ಇಡೀ ವಿಚಾರದ ತಿರುಳು ಒಂದು ಹೋಲಿಕೆಯಲ್ಲಿದೆ. ಅಮೆರಿಕದ ಶಾಲೆಯಲ್ಲಿ ವರ್ಷಗಟ್ಟಲೆ ಫ್ರೆಂಚ್ ಪಾಠ ಕೇಳಿದರೂ ಮಕ್ಕಳಿಗೆ ಫ್ರೆಂಚ್ ಬರುವುದಿಲ್ಲ. ಫ್ರಾನ್ಸಿನಲ್ಲಿ ಬೆಳೆದ ಮಗುವಿಗೆ ಯಾರೂ ಪಾಠ ಹೇಳದೆ ಬರುತ್ತದೆ. ಮೊದಲನೆಯ ಮಗುವಿಗೆ ಭಾಷೆಯ ಪ್ರತಿಭೆಯಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಗಣಿತ ಬಾರದಿದ್ದರೆ ತಲೆಯಿಲ್ಲ ಎಂದುಬಿಡುತ್ತೇವೆ. ಫ್ರೆಂಚಿಗೆ ಫ್ರಾನ್ಸ್ ಇರುವ ಹಾಗೆ ಗಣಿತಕ್ಕೂ ಒಂದು ನಾಡು ಬೇಕು, ಅಲ್ಲಿ ವಾಸ ಮಾಡುತ್ತಾ ಮಗು ಅದನ್ನು ಮಾತಾಡುವಂತಿರಬೇಕು. ಲೋಗೋ ಅವರು ಕಟ್ಟಲು ಹೊರಟ ಆ ನಾಡು.

ಇದನ್ನು ಓದಿದಾಗ ನನಗೆ ಗಣಿತಕ್ಕಿಂತ ಮೊದಲು ನೆನಪಾದದ್ದು ನಮ್ಮ ಮನೆಗಳು. ನಮ್ಮ ಮಕ್ಕಳಿಗೆ ಹಿಂದಿಯನ್ನು ಯಾರು ಕಲಿಸಿದರು? ಗೇಟಿನ ಗಾರ್ಡ್ ಭಯ್ಯಾ, ಪಾರ್ಕಿನ ಜಗಳ, ಗೋಲ್‌ಗಪ್ಪೆ ಅಂಗಡಿ. ಕನ್ನಡಕ್ಕೆ ನಾವು ಕೊಟ್ಟದ್ದೇನು? ಭಾನುವಾರ ಒಂದು ಗಂಟೆಯ ಅ ಆ ಇ ಈ, ರಾತ್ರಿ ಅಜ್ಜಿಯ ಜೊತೆ ಹತ್ತು ನಿಮಿಷದ ವಿಡಿಯೊ ಕಾಲ್. ಲೋದಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯ ಹತ್ತಿರ ಇರುವವರ ಮಾತು ಬೇರೆ. ಗ್ರೇಟರ್ ನೊಯ್ಡಾದಿಂದ ಅಲ್ಲಿಗೆ ದಿನಾ ಮಗುವನ್ನು ಕಳಿಸುವವರು ಯಾರು? ಮಗುವಿಗೆ ಕನ್ನಡ ನಿಲ್ಲದಿದ್ದರೆ ಅದು ಸೋಮಾರಿತನದಿಂದಲ್ಲ. ವಾಸ ಮಾಡಲು ನಾಡು ಇಲ್ಲದ್ದರಿಂದ.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ನಮ್ಮ ಸೊಸೈಟಿಯ ಪಾರ್ಕಿನಲ್ಲಿ ಇದನ್ನು ಸ್ವಲ್ಪ ಪರೀಕ್ಷಿಸಿದೆ. ಧಾರವಾಡದ ದಂಪತಿಯ ಮಗಳು, ನಾಲ್ಕನೇ ತರಗತಿ, ಲೋಗೋ ಪಾಠ ಮುಗಿಸಿದ್ದಳು.

“ಆರ್‌ಟಿ 90 ಅಂದರೇನು ಪುಟ್ಟಿ?”

“ರೈಟ್ ಟರ್ನ್ ನೈಂಟಿ ಡಿಗ್ರೀಸ್, ಅಂಕಲ್.”

“ಸರಿ, ಈಗ ನೀನೇ ಆಮೆ. ಈ ಆಮೆಗೆ ಇಂಗ್ಲಿಷೂ ಬರೋದಿಲ್ಲ, ಹಿಂದಿಯೂ ಬರೋದಿಲ್ಲ. ಮುಂದೆ ಐದು ಹೆಜ್ಜೆ.”

ನಡೆದಳು. “ಬಲಕ್ಕೆ ತಿರುಗು” ಎಂದೆ. ಎಡಕ್ಕೆ ತಿರುಗಿ ನಿಂತಳು. ಬೆಂಚಿನ ಮೇಲೆ ಕಿತ್ತಳೆ ಸುಲಿಯುತ್ತಿದ್ದ ತಾಯಿ ನಕ್ಕರು. “ಊಟ ಮಾಡೂ ಕೈ ಅದಲಾ, ಆ ಕಡೆ ಹೊಳ್ಳವಾ.”

“ಅಚ್ಛಾ, ದಾಯೇ!”

ಎಡ ಬಲ ಎಂಬ ಎರಡು ಪದಗಳು ಒಂಬತ್ತು ವರ್ಷದ ಕನ್ನಡದ ಹುಡುಗಿಗೆ ಗಟ್ಟಿಯಾಗಿರಲಿಲ್ಲ. ಮನೆಯಲ್ಲಿ ಅವು ಬೇಕಾಗುವ ಸಂದರ್ಭವೇ ಬಂದಿರಲಿಲ್ಲ. ಹತ್ತು ನಿಮಿಷದಲ್ಲಿ ಚೌಕ ಮುಗಿಯಿತು, ಆಮೇಲೆ ಅವಳೇ ಅಪ್ಪನನ್ನು ಆಮೆ ಮಾಡಿದಳು. “ಮುಂದ ಹತ್ತ ಹೆಜ್ಜಿ. ಎಡಕ್ಕ ಹೊಳ್ಳು. ಹಿಂದ ಎರಡ ಹೆಜ್ಜಿ.” ಹಿಂದಿ ಹೇಳಿದಾಗಲೆಲ್ಲ ಅಪ್ಪ ಕಂಬದಂತೆ ನಿಂತುಬಿಡುತ್ತಿದ್ದರು. ಕೊನೆಗೆ ಅವರನ್ನು ಗುಲಾಬಿ ಪಾತಿಯೊಳಕ್ಕೆ ನಡೆಸಿ ಆಟ ಮುಗಿಸಿದಳು.

ಪ್ಯಾಪರ್ಟ್ ವಿಚಾರಗಳಿಗೂ ನಮ್ಮ ಈ ಶಹರಕ್ಕೂ ಬೇರೆ ನಂಟೂ ಇದೆ. 1999ರ ಜನವರಿ 26ರಂದು ಕಾಲ್ಕಾಜಿಯಲ್ಲಿ ಎನ್‌ಐಐಟಿ ಕಚೇರಿಯ ಗೋಡೆಯಲ್ಲಿ ಕಿಂಡಿ ಮಾಡಿ, ಪಕ್ಕದ ಜುಗ್ಗಿಯ ಮಕ್ಕಳಿಗೆ ಎಟಕುವಂತೆ ಅಂತರಜಾಲವಿದ್ದ ಕಂಪ್ಯೂಟರ್ ಇಟ್ಟವರು ಸುಗತ ಮಿತ್ರ. ಕಲಿಸುವವರು ಯಾರೂ ಇರಲಿಲ್ಲ. ಮಕ್ಕಳು ತಾವೇ ಬಳಸಲು ಕಲಿತರು, ತಮ್ಮದೇ ಹೆಸರುಗಳನ್ನೂ ಇಟ್ಟುಕೊಂಡರು. ಪರದೆಯ ಮೇಲಿನ ಬಾಣದ ಗುರುತು ಅವರಿಗೆ ‘ಸೂಯಿ’. ಯಂತ್ರ ಯೋಚಿಸುವಾಗ ಕಾಣುವ ಮರಳುಗಡಿಯಾರ ಶಿವನ ಕೈಯ ‘ಡಮರು’. ನೋಡಿ, ನಾಡು ಸಿಕ್ಕ ಮಕ್ಕಳು ಪಾರಿಭಾಷಿಕ ಪದಕೋಶಕ್ಕೆ ಕಾಯುವುದಿಲ್ಲ. ಆದರೆ ಆ ಪ್ರಯೋಗವನ್ನು ನಂತರ ನೋಡಿದ ಮಾರ್ಕ್ ವಾರ್ಶೌವರ್ ಅವರಂಥ ವಿಮರ್ಶಕರು ಬೇರೆಯದನ್ನೂ ಬರೆದರು: ಆ ಮಕ್ಕಳಿಗೆ ಗೊತ್ತಿದ್ದ ಒಂದೇ ಭಾಷೆ ಹಿಂದಿ, ಯಂತ್ರದೊಳಗೆ ಹಿಂದಿಯಲ್ಲಿ ಓದಲು ಏನೂ ಇರಲಿಲ್ಲ. ಆಟವಾಯಿತು, ಅದರಾಚೆಗೆ ಹೋಗಲು ದಾರಿ ಕಡಿಮೆಯಿತ್ತು.

ಎರಡನೆಯ ನಂಟು 2006ರದು. ಮಗುವಿಗೊಂದು ಅಗ್ಗದ ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು ನಿಕೊಲಾಸ್ ನೆಗ್ರೊಪಾಂಟೆ ಹಿಂದಿನ ವರ್ಷ ಸಾರಿದ್ದರು. ಅದರ ಹಿಂದಿದ್ದ ಶಿಕ್ಷಣದ ವಿಚಾರ ಬಹುಪಾಲು ಪ್ಯಾಪರ್ಟ್ ಅವರದು. ನಮ್ಮ ಮಾನವ ಸಂಪನ್ಮೂಲ ಸಚಿವಾಲಯ ಬೇಡವೆಂದಿತು. ತರಗತಿ ಕೋಣೆ ಮತ್ತು ಮೇಷ್ಟ್ರುಗಳು ಅದಕ್ಕಿಂತ ತುರ್ತಾಗಿ ಬೇಕು ಎಂಬುದು ಅಂದಿನ ಶಿಕ್ಷಣ ಕಾರ್ಯದರ್ಶಿ ಸುದೀಪ್ ಬ್ಯಾನರ್ಜಿ ಅವರ ವಾದ. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 1984ರಲ್ಲೇ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್‌ಲ್ಯಾಂಡ್ ಪರೀಕ್ಷಿಸಿ ನೋಡಿದ್ದರು: ಲೋಗೋ ಕಲಿತ ಮಾತ್ರಕ್ಕೆ ಮಕ್ಕಳ ಯೋಜನಾಶಕ್ತಿ ಹೆಚ್ಚಿದ್ದು ಕಾಣಲಿಲ್ಲ. ಪ್ಯಾಪರ್ಟ್ ಪ್ರತಿವಾದ ಮಾಡಿದರು. ಮರ, ಸುತ್ತಿಗೆ ಒಳ್ಳೆಯ ಮನೆ ಕಟ್ಟುತ್ತವೆಯೇ ಎಂದು ಯಾರೂ ಕೇಳುವುದಿಲ್ಲ, ಕಟ್ಟುವವರು ಯಾರು, ಹೇಗೆ ಎಂದು ಕೇಳುತ್ತಾರೆ. ಲೋಗೋದ ಬಗ್ಗೆಯೂ ಹಾಗೆಯೇ ಕೇಳಬೇಕು ಎಂಬುದು ಅವರ ನಿಲುವು. ಇಬ್ಬರ ಮಾತನ್ನೂ ಕೂಡಿಸಿದರೆ ನಮಗೆ ಸಿಗುವ ಪಾಠ ಒಂದೇ. ಸಾಮಾನು ತಂದಿಟ್ಟರೆ ಸಾಲದು, ಜೊತೆಗೆ ಕೂರುವ ದೊಡ್ಡವರು ಬೇಕು. ಕೋಡಿಂಗ್ ಕ್ಲಾಸಿಗೆ ಸಾವಿರಗಟ್ಟಲೆ ಫೀಸು ಕಟ್ಟುವ ಮುಂಚೆ ಇದನ್ನೊಮ್ಮೆ ಯೋಚಿಸಬಹುದು.

ಪ್ಯಾಪರ್ಟ್ ಕೊನೆಯ ವರ್ಷಗಳು ಕಠಿಣವಾಗಿದ್ದವು. 2006ರ ಡಿಸೆಂಬರಿನಲ್ಲಿ ಗಣಿತ ಶಿಕ್ಷಣದ ಸಮ್ಮೇಳನಕ್ಕೆಂದು ವಿಯೆಟ್ನಾಮಿನ ಹನೊಯ್‌ಗೆ ಹೋಗಿದ್ದರು. ರಸ್ತೆ ದಾಟುವಾಗ ಮೋಟರ್‌ಬೈಕ್ ಬಡಿದು ಮಿದುಳಿಗೆ ತೀವ್ರ ಪೆಟ್ಟಾಯಿತು. ಮನುಷ್ಯ ಹೇಗೆ ಕಲಿಯುತ್ತಾನೆ ಎಂದು ಜೀವಮಾನವಿಡೀ ಯೋಚಿಸಿದವರು ಎಷ್ಟನ್ನೋ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಮರುವರ್ಷ, 2007ರಲ್ಲಿ, ಅವರ ಶಿಷ್ಯ ಮಿಚೆಲ್ ರೆಸ್ನಿಕ್ ಅವರ ತಂಡ ಎಂಐಟಿಯಲ್ಲಿ ಸ್ಕ್ರ್ಯಾಚ್ ಬಿಡುಗಡೆ ಮಾಡಿತು. ಇಂದು ನಮ್ಮ ಮಕ್ಕಳು ಬಣ್ಣದ ತುಂಡುಗಳನ್ನು ಜೋಡಿಸಿ ಬೆಕ್ಕನ್ನು ಓಡಿಸುತ್ತಾರಲ್ಲ, ಅದು ಲೋಗೋದ ಮಗು. 2016ರ ಜುಲೈ 31ರಂದು ಅಮೆರಿಕದ ಮೇನ್ ರಾಜ್ಯದಲ್ಲಿ ಪ್ಯಾಪರ್ಟ್ ತೀರಿಕೊಂಡರು. 88 ವರ್ಷವಾಗಿತ್ತು.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಆಮೆಗೆ ಕನ್ನಡ ಬರುತ್ತದೆಯೇ? ಕಲಿಸಿದರೆ ಬರುತ್ತದೆ. ಮುಂಬಯಿಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ ಅವರು ಲೋಗೋವನ್ನು ಕನ್ನಡಕ್ಕೆ ತಂದವರು. 1996ರಲ್ಲಿ ‘ವಿಶ್ವಕನ್ನಡ’ ತಾಣವನ್ನು ಶುರುಮಾಡಿದವರೂ ಅವರೇ. ಕನ್ನಡ ಶಾಲೆಯ ಮಗು ಇಂಗ್ಲಿಷಿಗೆ ಕಾಯದೆ ಪ್ರೋಗ್ರಾಮ್ ಬರೆಯಲಿ ಎಂಬುದು ಅದರ ಆಶಯ. ಕನ್ನಡದ ಕೆಲಸ ಮಾಡಿದವರ ಸಾಲಿನಲ್ಲಿ ಇದನ್ನೂ ನಾವು ನೆನೆಯಬೇಕು.

ನಮ್ಮ ಮಕ್ಕಳ ಶಾಲೆಯಲ್ಲಿರುವುದು ಇಂಗ್ಲಿಷಿನ ಲೋಗೋ ಎಂದು ನೀವು ಕೇಳಬಹುದು. ಅಡ್ಡಿಯಿಲ್ಲ. ಲೋಗೋದ ದೊಡ್ಡ ಗುಣವೇ ಅದಕ್ಕೆ ಹೊಸ ಪದ ಕಲಿಸಬಹುದು ಎಂಬುದು. ‘ಟು’ ಎಂದು ಶುರುಮಾಡಿ, ಪದ ಕೊಟ್ಟು, ಅದರ ಅರ್ಥ ಹೇಳಿ, ‘ಎಂಡ್’ ಎಂದು ಮುಗಿಸಿದರಾಯಿತು. ಇಂಗ್ಲಿಷ್ ಅಕ್ಷರದಲ್ಲೇ ‘ಮುಂದೆ’ ಎಂದು ಬರೆದು ಅದರ ಅರ್ಥ ಎಫ್‌ಡಿ ಎನ್ನಿ. ‘ಬಲಕ್ಕೆ’ ಎಂದರೆ ಆರ್‌ಟಿ, ‘ಎಡಕ್ಕೆ’ ಎಂದರೆ ಎಲ್‌ಟಿ. ಧಾರವಾಡದ ಮನೆಯವರು ‘ಹೊಳ್ಳು’ ಕಲಿಸಲಿ, ಮಂಗಳೂರಿನವರು, ಮೈಸೂರಿನವರು ತಮ್ಮ ಮನೆಯ ಮಾತು ಕಲಿಸಲಿ. ಯಾರ ಕನ್ನಡ ಸರಿ ಎಂದು ಆಮೆ ಜಗಳ ತೆಗೆಯುವುದಿಲ್ಲ. ಆಮೇಲೆ ‘ಚೌಕ’ ಕಲಿಸಿ, ಚೌಕವನ್ನು ಹತ್ತು ಹತ್ತು ಡಿಗ್ರಿ ತಿರುಗಿಸುತ್ತಾ 36 ಸಲ ಬಿಡಿಸುವ ‘ರಂಗೋಲಿ’ ಕಲಿಸಿ. ಕಲಿಸುವ ಕೆಲಸ ಮಗುವಿನದಾಗಿರಲಿ. ಕೇಳಿದ್ದಕ್ಕಿಂತ ಕಲಿಸಿದ್ದು ಹೆಚ್ಚು ಕಾಲ ತಲೆಯಲ್ಲಿರುತ್ತದೆ.

ಕಂಪ್ಯೂಟರ್ ಇಲ್ಲದೆಯೂ ಒಂದು ಆಟವಿದೆ. ಆ ಹದಿಮೂರರ ಹುಡುಗಿಯ ಪದ್ಯಯಂತ್ರವನ್ನು ಮೂರು ಡಬ್ಬಿಗಳಲ್ಲಿ ಮಾಡಿ. ಒಂದರಲ್ಲಿ ಅಜ್ಜಿ, ಬೆಕ್ಕು, ಮಾಮ, ಮೆಟ್ರೊ ಎಂಬ ಚೀಟಿಗಳು. ಇನ್ನೊಂದರಲ್ಲಿ ಹೋಳಿಗೆ, ಚಪ್ಪಲಿ, ಪರಾಠಾ. ಮೂರನೆಯದರಲ್ಲಿ ತಿಂದಳು, ತಿಂದಿತು, ತಿಂದರು, ಕದ್ದನು. ಕಣ್ಣು ಮುಚ್ಚಿ ಒಂದೊಂದು ಎತ್ತಿ ಓದಿ. ‘ಮೆಟ್ರೊ ಹೋಳಿಗೆ ತಿಂದಳು’ ಎಂದು ಬಂದರೆ ಮಗು ನಗುತ್ತದೆ. ನಕ್ಕ ಮೇಲೆ ಕೇಳಿ: ಮೆಟ್ರೊ ಹೋಳಿಗೆ ತಿನ್ನಲಿ ಬಿಡು, ಆದರೆ ‘ತಿಂದಳು’ ಯಾಕೆ ಸರಿಯಲ್ಲ? ಅಜ್ಜಿ ‘ತಿಂದಳು’ ಎನ್ನಬೇಕೋ ‘ತಿಂದರು’ ಎನ್ನಬೇಕೋ? ‘ಅಜ್ಜಿ ಬಂದ’ ಎನ್ನುವ ನಮ್ಮ ದಿಲ್ಲಿಯ ಮಕ್ಕಳು ಯಂತ್ರದ ತಪ್ಪು ತಿದ್ದಲು ಹೋಗಿ ತಾವೇ ನಿಯಮ ಕಂಡುಹಿಡಿಯುತ್ತಾರೆ, ಡಬ್ಬಿಗಳನ್ನು ಬೇರೆ ಮಾಡುತ್ತಾರೆ. ಲಿಂಗ, ವಚನ ಎಂಬ ಹೆಸರುಗಳನ್ನು ಆಮೇಲೆ ಹೇಳಿದರೆ ಸಾಕು.

ಡಿಸೆಂಬರಿನ ಕೊನೆಗೆ ಮಂಜು ಕವಿದು ಶಾಲೆಗಳಿಗೆ ರಜೆ ಬರುತ್ತದೆ, ಮಕ್ಕಳು ಮನೆಯಲ್ಲೇ ಇರುತ್ತಾರೆ. ಹಳೆಯ ಮೂರು ಡಬ್ಬಿ, ಒಂದಿಷ್ಟು ಚೀಟಿ ಇಷ್ಟು ಬೇಕು, ಮತ್ತು ಮೊಬೈಲ್ ಪಕ್ಕಕ್ಕಿಟ್ಟು ನೆಲದ ಮೇಲೆ ಕೂರುವ ಒಬ್ಬರು. ನಿಮ್ಮ ಮನೆಯ ಡಬ್ಬಿಗಳು ಹೇಳಿದ ಅತ್ಯಂತ ವಿಚಿತ್ರವಾದ ಕನ್ನಡ ವಾಕ್ಯವನ್ನು, ಮಗು ಅದನ್ನು ಹೇಗೆ ತಿದ್ದಿತು ಎಂಬುದನ್ನು ಪತ್ರಿಕೆಗೆ ಬರೆದು ಕಳಿಸಿ. ಮಗುವೇ ಬರೆದರೆ ಇನ್ನೂ ಒಳ್ಳೆಯದು. ಕಾಗುಣಿತ ನಾನು ತಿದ್ದುವುದಿಲ್ಲ.